ಎರಡು ಕಾಯಿಲೆಗಳ ನಡುವೆ ಓಡಾಡುವ ನರ್ಸಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಲಿಫ್ಟ್ ಕೆಟ್ಟು ಕೂತ ಕಟ್ಟಡದ ಮೆಟ್ಟಿಲುಗಳನ್ನು ನರ್ಸಕ್ಕ ಎರಡೆರಡಾಗಿ ಹತ್ತುತ್ತಿದ್ದಾರೆ. ಮೇಲಿನ ಮನೆಯ ದರ್ಜಿ ಹೆಂಗಸು ಹೊಲಿಗೆಗೆ ಕೂತರೆ ಮತ್ತೆ ಮಾತಿಗೆ ಸಿಗುವುದಿಲ್ಲ. ಆ ಮನೆ ಈಗ ಇವರು ಕೆಲಸ ಮಾಡುವ ಆರೋಗ್ಯ ಅಧ್ಯಯನಕ್ಕೆ ಸೇರಿದ್ದಲ್ಲ. ಆದರೂ ಬರದೆ ಇರಲಾರರು.

"ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದವಳು," ಎನ್ನುತ್ತಾರೆ ಅವರ ಅತ್ತೆ. "ನಿದ್ದೇಲೂ ಕಾಲಾಡಿಸ್ತಾಳೆ. ಮಂಚಕ್ಕೆ ಬ್ರೇಕ್ ಹಾಕಿಸ್ಬೇಕು."

ವಾಸಿಯಾಗದ ದೇಹದ ರೋಗವನ್ನೂ ಮನಸ್ಸಿನ ಕಾಯಿಲೆಯನ್ನೂ ಒಟ್ಟಿಗೆ ಹೊತ್ತವರು ದಿನ ದೂಡುವುದು ಹೇಗೆ ಎಂಬುದೇ ಆ ಅಧ್ಯಯನ. ಮನೆಮನೆಗೆ ಹೋಗಿ ಕೇಳುವವರು ನರ್ಸಕ್ಕ. ವರದಿಯಲ್ಲಿ ಹೆಸರು ಬರುವುದು ಬೇರೆಯವರದು. ನರ್ಸಕ್ಕ ಮೊದಲು ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸಕ್ಕಿದ್ದರು. "ಅಲ್ಲಿ ಮಲಗಿದವರನ್ನ ಮಾತ್ರ ನೋಡ್ತಿದ್ದೆ. ಎದ್ದು ಮನೆಗೆ ಹೋದ್ಮೇಲೆ ಏನ್ಮಾಡ್ತಾರೋ ಅಂತ ತಲೇಲಿ ಹುಳ ಕೊರೀತಿತ್ತು."

ಈ ಕೆಲಸಕ್ಕೊಂದು ಕಟ್ಟುಪಾಡಿದೆ: ಕೇಳಬಹುದು, ಚಿಕಿತ್ಸೆಯಲ್ಲಿ ಕೈಹಾಕುವಂತಿಲ್ಲ. ಕೆಲವು ತಿಂಗಳ ಹಿಂದೆ ಅದು ಮುರಿದದ್ದು ಇದೇ ದರ್ಜಿಯ ಮನೆಯಲ್ಲಿ. ಪ್ರಶ್ನೆಗಳು ಮುಗಿದು ನರ್ಸಕ್ಕ ಚಪ್ಪಲಿ ಮೆಟ್ಟಿದ್ದರು. ಆಗ ದರ್ಜಿ ಬಾಯಿಬಿಟ್ಟರು.

"ತಲೆಯೊಳಗಿನ ಗಲಾಟೆಗೆ ಕೊಟ್ಟ ಮಾತ್ರೆ ನುಂಗಿದ್ರೆ ಸಿಕ್ಕಾಪಟ್ಟೆ ಹಸಿವು, ಸಕ್ಕರೆ ಏರುತ್ತೆ. ಸಕ್ಕರೆ ಡಾಕ್ಟ್ರು ಬೈತಾರೆ. ಅದಕ್ಕೇ ಮಾತ್ರೆ ಬಿಟ್ಟೆ, ಅಕ್ಕ. ಈಗ ಗಲಾಟೆ ವಾಪಸ್ ಬಂದಿದೆ."

ಪಕ್ಕದಲ್ಲಿದ್ದ ತಂಗಿ ತಲೆ ತಗ್ಗಿಸಿದಳು. ಅಕ್ಕನ ಕತ್ತರಿಯನ್ನು ಅವಳು ಆಗಲೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

ನರ್ಸಕ್ಕ ಅಧ್ಯಯನದ ಮುಖ್ಯಸ್ಥರಿಗೆ ಫೋನ್ ಮಾಡಿದರು. "ಬರೆದುಕೊಡಿ, ಸಭೇಲಿ ಮಾತಾಡೋಣ" ಎಂಬ ಉತ್ತರ ಬಂತು. ಸಭೆಯವರೆಗೆ ಕಾಯುವ ಜೀವ ಇದಲ್ಲ. ಅಕ್ಕತಂಗಿಯರನ್ನು ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಮನೋವೈದ್ಯರ ಬಾಗಿಲಲ್ಲಿ ಅವರನ್ನು ಕೂರಿಸಿ, ಮೇಲಿನ ಮಹಡಿಗೆ ಓಡಿ, ಸಕ್ಕರೆ ಡಾಕ್ಟರನ್ನು ಕಾಡಿ ಬೇಡಿ ಕೆಳಗಿಳಿಸಿದರು. ಮೊದಲು ಗೊಣಗಿದ ಡಾಕ್ಟರು ದರ್ಜಿಯ ಮಾತು ಕೇಳುತ್ತಾ ಕೇಳುತ್ತಾ ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರಿಬ್ಬರೂ ಸೇರಿ ಮಾತ್ರೆ ಬದಲಿಸಿದರು.

ಗಲಾಟೆ ಒಂದೇ ದಿನಕ್ಕೆ ಅಡಗಲಿಲ್ಲ. ವಾರಗಟ್ಟಲೆ ತಂಗಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಕೊನೆಗೊಂದು ದಿನ ತಾನೇ ಬೀಗ ತೆಗೆದು ಕತ್ತರಿಯನ್ನು ಅಕ್ಕನ ಕೈಗಿತ್ತಳು.

ಅತ್ತ ದರ್ಜಿಯ ಉತ್ತರಗಳನ್ನು ಅಧ್ಯಯನದಿಂದ ಕೈಬಿಟ್ಟರು. ನರ್ಸಕ್ಕನಿಗೆ ಎಚ್ಚರಿಕೆ ಸಿಕ್ಕಿತು. ಬರುವ ವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. "ಮುಖ್ಯಸ್ಥರದ್ದೇನೂ ತಪ್ಪಿಲ್ಲ. ನಾನು ಕೈಹಾಕಿದ್ಮೇಲೆ ಆ ಉತ್ತರ ಲೆಕ್ಕಕ್ಕೆ ಬರಲ್ಲ," ಎನ್ನುತ್ತಾರೆ, ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ. "ಆದ್ರೆ ಹೀಗೆ ಮಾತ್ರೆ ಬಿಟ್ಟು ಬಾಯಿಬಿಡದೆ ಇರೋರು ಇನ್ನೆಷ್ಟು ಜನಾನೋ. ಅದನ್ನ ನೆನೆಸಿದ್ರೆ ಕೂತಲ್ಲಿ ಕೂರಕ್ಕಾಗಲ್ಲ."

ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರದೂ ಇಂದಿಗೂ ಬೇರೆ ಬೇರೆ ಮಹಡಿ. ಏನಾದರೂ ಆಸೆ ಇದೆಯೇ ಎಂದರೆ ನರ್ಸಕ್ಕ ಹೇಳುವುದು ಇಷ್ಟೇ:

"ವಾರಕ್ಕೊಂದು ದಿನ ಆ ಇಬ್ರಿಗೂ ಒಂದೇ ರೂಮು ಕೊಡ್ಲಿ. ದೊಡ್ಡದೇನೂ ಬೇಡ. ಮೂರು ಕುರ್ಚಿ ಹಿಡಿಸಿದ್ರೆ ಸಾಕು."