ಉಗುರು ತಾಗಿದ ಸೋರೆಕಾಯಿ

ಉಗುರು ಕತ್ತರಿಸಿಕೊಳ್ಳುವುದು ಪ್ರಬಂಧ ಬರೆಯುವಷ್ಟು ಘನವಾದ ವಿಷಯವಲ್ಲವೆಂದು ನನಗೂ ಗೊತ್ತು. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಗೋಕಾಕದ ನಮ್ಮ ಮನೆಯ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹತ್ತು ಬೆರಳುಗಳ ಕ್ಷೌರಕರ್ಮಕ್ಕೆ ನಾನು ಕೂತಾಗ, ಬಲಗೈ ಹೆಬ್ಬೆರಳಿನ ಸರದಿ ಬಂದೊಡನೆ ಕತ್ತರಿ ತಾನಾಗಿ ನಿಂತುಬಿಡುತ್ತಿತ್ತು. ಆ ಉಗುರು ನಡುವೆ ಸೀಳಿದೆ. ಕಾಲೇಜಿನ ಶೈತ್ಯಾಗಾರದ ಕಬ್ಬಿಣದ ಬಾಗಿಲು ಎಂದೋ ಅದನ್ನು ಜಜ್ಜಿತು; ಅಂದಿನಿಂದ ಅದು ಎರಡು ಹೋಳಾಗಿಯೇ ಬೆಳೆಯುತ್ತದೆ. ಬುಡದವರೆಗೆ ಕತ್ತರಿಸಿದರೆ ಸೀಳಿನ ಜಾಗ ಚುರ್ ಎನ್ನುವುದರಿಂದ ಮೊನ್ನೆ ಮೊನ್ನೆಯವರೆಗೆ ಅದೊಂದನ್ನು ಉದ್ದವಾಗಿಯೇ ಬಿಟ್ಟಿದ್ದೆ. ಹೆಂಡತಿ ಅದನ್ನು ಕಂಡು ಮುಖ ಸಿಂಡರಿಸಿದಾಗಲೆಲ್ಲ, ಹಣ್ಣು ತರಕಾರಿ ಕೆಡದಂತೆ ಇಡುವ ವಿದ್ಯೆಯನ್ನು ಮೂವತ್ತು ವರ್ಷ ಪಾಠ ಮಾಡಿದವನಿಗೆ ಆ ವಿದ್ಯೆ ಕೊಟ್ಟ ಏಕೈಕ ಪದಕ ಇದು ಎಂದು ಸಮಜಾಯಿಷಿ ಹೇಳುತ್ತಿದ್ದೆ.

ಪದಕದ ಮಾತು ಹಾಗಿರಲಿ, ಸಿಟ್ಟಿನ ಮಾತಿಗೆ ಬರುತ್ತೇನೆ. ನೀವು ಸಂತೆಗೆ ಹೋಗುವವರಾಗಿದ್ದರೆ ಒಮ್ಮೆ ನಿಮ್ಮ ಕೈಯನ್ನೂ ನೋಡಿಕೊಳ್ಳಿ. ಸೋರೆಕಾಯಿ ಕೊಳ್ಳುವ ಮುನ್ನ ಅದಕ್ಕೆ ಹೆಬ್ಬೆರಳಿನ ಉಗುರು ಚುಚ್ಚುವುದು ನಮ್ಮಲ್ಲಿ ಧರ್ಮಾಚರಣೆಯಷ್ಟೇ ಶ್ರದ್ಧೆಯಿಂದ ನಡೆಯುತ್ತದೆ. ಉಗುರು ಇಳಿದರೆ ಎಳೆಯದು, ಇಳಿಯದಿದ್ದರೆ ಬಲಿತದ್ದು, ಶಾಸ್ತ್ರ ಇಷ್ಟೇ. ಇಳಿದ ಕಾಯಿಯನ್ನೇ ಚೀಲಕ್ಕೆ ಹಾಕಿಕೊಂಡರೆ ನನ್ನ ತಕರಾರಿಲ್ಲ. ಆದರೆ ಚುಚ್ಚಿದ ಮಹಾನುಭಾವ ಮಾಡುವುದೇನು? ಎಳೆಯದೆಂದು ಖಾತ್ರಿಯಾದ ಆ ಕಾಯಿಯನ್ನು ಕೆಳಗಿಟ್ಟು, ಪಕ್ಕದಲ್ಲಿರುವ ಅಖಂಡವಾದ ಇನ್ನೊಂದನ್ನು ಎತ್ತಿಕೊಳ್ಳುತ್ತಾನೆ. ಯಾಕೆ ಸ್ವಾಮೀ ಎಂದರೆ, ಮೊದಲನೆಯದಕ್ಕೆ ಉಗುರು ತಾಗಿದೆಯಂತೆ. ಬೆಂಡೆಕಾಯಿಯ ತುದಿ ಮುರಿದು ಬುಟ್ಟಿಗೆ ಎಸೆಯುವವರು, ಟೊಮೆಟೊವನ್ನು ಹಸುಗೂಸಿನ ಗಲ್ಲವೆಂಬಂತೆ ಹಿಂಡುವವರು, ಕೊತ್ತಂಬರಿ ಕಟ್ಟನ್ನು ನೆಲಕ್ಕೆ ಬಡಿದು ನೋಡುವವರು, ಇವರೆಲ್ಲ ಬೆಳಗಾವಿಯ ದೊಡ್ಡ ಅಂಗಡಿಯ ತಣ್ಣನೆಯ ಗಾಳಿಗೆ ಹೋದರೆ ಎಷ್ಟು ಸಭ್ಯರಾಗುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಸೋರೆಕಾಯಿಗೆ ಪ್ಲಾಸ್ಟಿಕ್ ಅಂಗಿ ತೊಡಿಸಿರುತ್ತಾರೆ. ಆ ಅಂಗಿಗಿರುವ ಮರ್ಯಾದೆ ನೆಲದ ಮೇಲೆ ಗೋಣಿಚೀಲ ಹಾಸಿ ಕೂತ ಹೆಂಗಸಿನ ಕಾಯಿಗೆ ಇಲ್ಲವೆಂಬುದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಉಗುರು ತಾಗಿದ ಕಾಯಿಗೆ ಏನಾಗುತ್ತದೆಂಬುದನ್ನು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಕೊಯ್ದ ಕಾಯಿಯೂ ಉಸಿರಾಡುತ್ತಿರುತ್ತದೆ; ಗಾಯವಾದರೆ ಏದುಸಿರು ಬಿಡುತ್ತದೆ, ತನ್ನ ನೀರನ್ನು ತಾನೇ ಕಳೆದುಕೊಳ್ಳುತ್ತದೆ. ಈರುಳ್ಳಿ, ಬಟಾಟೆಗಳಿಗೆ ಗಾಯವನ್ನು ಒಣಗಿಸಿಕೊಳ್ಳುವ ಸಾಮರ್ಥ್ಯ ಸ್ವಲ್ಪವಾದರೂ ಇದೆ; ಎಳೆ ಸೋರೆಯ ತೆಳುಚರ್ಮಕ್ಕೆ ಅದಿಲ್ಲ. ಬೂಷ್ಟು ಆ ಗೆರೆಯಷ್ಟು ಬಾಗಿಲಿನಿಂದಲೇ ಒಳಗೆ ಹೋಗುತ್ತದೆ. ಇದನ್ನೆಲ್ಲ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನಷ್ಟ ಎಲ್ಲೆಲ್ಲಿ ಆಗುತ್ತದೆಂದು ತೋರಿಸುವ ದೊಡ್ಡ ಪಟವೊಂದನ್ನೂ ಗೋಡೆಗೆ ತೂಗುಹಾಕಿದ್ದೆವು: ಹೊಲದಲ್ಲಿ ಒರಟಾಗಿ ಕೊಯ್ಯುವ ರೈತ, ಮೂಟೆ ಎಸೆಯುವ ಹಮಾಲ, ಗಾಳಿಯಾಡದ ಕೋಣೆ. ಅಷ್ಟು ದೊಡ್ಡ ಪಟದಲ್ಲಿ ಕೊಳ್ಳುವವನ ಉಗುರಿಗೆ ಒಂದು ಅಂಗುಲ ಜಾಗ ಇರಲಿಲ್ಲ. ಅದನ್ನು ಬರೆದವರೂ ನಾವೇ, ಸಂಜೆ ಚೀಲ ಹಿಡಿದು ಸಂತೆಗೆ ಹೋಗುತ್ತಿದ್ದವರೂ ನಾವೇ.

ನನ್ನ ಸಿಟ್ಟಿಗೆ ಮುಖ ಮೂಡಿದ್ದು ಲಗಮವ್ವನಿಂದ. ಧುಪದಾಳದ ಒಡ್ಡಿನ ಕೆಳಗೆ ಹೊಳೆಯ ದಂಡೆಗೆ ಅವಳದೊಂದು ತುಂಡು ತೋಟ. ಗಂಡ ವರ್ಷದ ಅರ್ಧ ಕಾಲ ಕುರಿಗಳ ಹಿಂದೆ ಊರೂರು ತಿರುಗುತ್ತಾನೆ, ತೋಟವೆಲ್ಲ ಅವಳದೇ. ಅವಳ ಸೋರೆಕಾಯಿ ಬೇರೆಯವರದರಂತಲ್ಲ. ಉದ್ದ, ತಿಳಿಹಸಿರು, ಮೈಮೇಲೆ ಬೆಳ್ಳನೆಯ ನವಿರು, ಬೇಳೆಯಲ್ಲಿ ಹಾಕಿದರೆ ಒಂದೇ ಕುದಿಗೆ ಕರಗುವಂಥದ್ದು. ಬೀಜ ಅತ್ತೆಯಿಂದ ಬಂದದ್ದು. ಪೇಟೆಯ ಬೀಜದ ಕಾಯಿಗೆ ದಪ್ಪ ಚರ್ಮ, ಸಂಕೇಶ್ವರ ದಾಟಿ ಕೊಲ್ಹಾಪುರದವರೆಗೆ ಲಾರಿಯಲ್ಲಿ ಉರುಳಾಡಿಕೊಂಡು ಹೋಗಬಲ್ಲದು, ರುಚಿ ಮಾತ್ರ ದಾರಿಯಲ್ಲೇ ಇಳಿದುಹೋಗುತ್ತದೆ. ಲಗಮವ್ವ ತನ್ನ ಬುಟ್ಟಿಯನ್ನು ಗೋಕಾಕದ ಸಂತೆಗೆ ತರುತ್ತಾಳೆ. ಉಳಿದದ್ದು ಮೂಡಲಗಿಗೆ, ಅಲ್ಲಿಯೂ ಉಳಿದರೆ ಹುಕ್ಕೇರಿಗೆ. ಉಗುರು ತಾಗದ ಕಾಯಿ ಮೂರು ಸಂತೆಗೂ ಬಾಳುತ್ತದೆ. ಉಗುರು ತಾಗಿದ್ದು ಎರಡನೆಯ ಸಂತೆಗೇ ಎಮ್ಮೆಯ ಪಾಲು.

ಶಿವರಾತ್ರಿಯ ಆಸುಪಾಸಿನಲ್ಲಿ ಒಮ್ಮೆ ನಾನೇ ಹೇಳಿಕಳಿಸಿ ಅವಳ ತೋಟಕ್ಕೆ ಹೋಗಿದ್ದೆ. ತೊಟ್ಟು ಎಷ್ಟುದ್ದ ಬಿಟ್ಟು ಕೊಯ್ಯಬೇಕು, ಹಸಿ ಗೋಣಿಯನ್ನು ಹೇಗೆ ಹೊದಿಸಬೇಕು, ಬುಟ್ಟಿಗೆ ಬೇವಿನ ಸೊಪ್ಪು ಎಷ್ಟು ಹಾಸಬೇಕು ಎಂದೆಲ್ಲ ಚಪ್ಪರದ ಕೆಳಗೆ ನಿಂತು ಒಂದು ತಾಸು ಉಪನ್ಯಾಸ ಕೊಟ್ಟೆ. ನಿವೃತ್ತನಾದ ಮೇಷ್ಟ್ರಿಗೆ ಕೇಳುವವಳು ಒಬ್ಬಳೇ ಸಿಕ್ಕರೂ ಅದು ತುಂಬಿದ ಸಭೆ. ಅವಳು ಮಜ್ಜಿಗೆ ಕೊಟ್ಟು, ಬಳ್ಳಿಯ ನಡುವೆ ತೂಗುತ್ತಿದ್ದ ಒಂದು ಕಾಯಿಯನ್ನು ತೋರಿಸಿದಳು. ಅದರ ತೊಟ್ಟಿಗೆ ಕಂಬಳಿಯ ಕರಿ ಉಣ್ಣೆಯ ಎಳೆ ಕಟ್ಟಿತ್ತು. ಅದು ಬೀಜದ ಕಾಯಿ, ಯಾರೂ ಕೊಯ್ಯಬಾರದೆಂಬ ಗುರುತು. ಪ್ರತಿ ಹಂಗಾಮಿಗೆ ಎಲ್ಲಕ್ಕಿಂತ ಚೆಲುವಾದ ಒಂದೇ ಒಂದನ್ನು ಹೀಗೆ ಬಿಡುತ್ತಾಳಂತೆ. ಉಣ್ಣೆಯ ಎಳೆಯಲ್ಲಿ ಬರೆದ ಈ ಶಾಸನವನ್ನು ನಾನು ಬಹಳ ಮೆಚ್ಚಿಕೊಂಡು, ಕಾಯಿಯನ್ನು ಕೈಯಲ್ಲಿ ಹಿಡಿದೇ ಸಂತೆಯವರ ಉಗುರಿನ ಅನಾಗರಿಕತೆಯ ಬಗ್ಗೆ ಇನ್ನಷ್ಟು ಮಾತಾಡಿ ಬಂದೆ.

ಬೇಸಿಗೆ ಮುಗಿಯುತ್ತ ಬಂದಾಗ ಒಂದು ದಿನ ಗೋಕಾಕದ ಸಂತೆಯಲ್ಲಿ ಅವಳು ನನ್ನ ಚೀಲಕ್ಕೆ ಕಾಯಿ ಹಾಕುತ್ತ ಹೇಳಿದಳು: “ಇವು ಕಡೀ ಕಾಯ್ರಿ ಸರ್ರ. ಮುಂಗಾರಿಗಿ ಸೋರಿ ಹಾಕೂದಿಲ್ಲ.”

ಯಾಕೆಂದು ಕೇಳಿದೆ. ಅವಳು ನನ್ನ ಕೈಯನ್ನು ನೋಡಿದಳು. “ಉಗುರಿನ ಕಾಟ್ರಿ,” ಎಂದಳು.

ಅಷ್ಟು ಸಾಕಾಯಿತು ನನಗೆ. ಅತ್ತೆಯ ಕಾಲದಿಂದ ನಡೆದುಬಂದ ತಳಿಯೊಂದು ಈ ಚುಚ್ಚುವವರ ದೆಸೆಯಿಂದ ನಿರ್ನಾಮವಾಗುತ್ತಿದೆ ಎಂದು ರಕ್ತ ಕುದಿಯಿತು. ಮುಂದಿನ ಸಂತೆಗೆ ಮೂಡಲಗಿಗೆ ನಾನೂ ಬಸ್ಸು ಹತ್ತಿದೆ. ಅವಳು ಬೇಡವೆಂದರೂ ಕೇಳದೆ, ರಟ್ಟಿನ ಮೇಲೆ ‘ಉಗುರು ಚುಚ್ಚಬಾರದು’ ಎಂದು ದಪ್ಪಕ್ಷರದಲ್ಲಿ ಬರೆದು ಬುಟ್ಟಿಗೆ ಒರಗಿಸಿ, ಪಕ್ಕದಲ್ಲಿ ಕೊಡೆ ಬಿಚ್ಚಿ ಕೂತೆ. ಕೈ ಚಾಚಿದವರನ್ನೆಲ್ಲ ಗದರಿಸಿದೆ. ಪಂಚೆಯುಟ್ಟ ಹಿರಿಯರೊಬ್ಬರಿಗೆ ಕಾಯಿಯ ಉಸಿರಾಟದ ಬಗ್ಗೆ ವಿವರಿಸಹೊರಟೆ. ಅವರು ಕೈಮುಗಿದು ಹೀರೇಕಾಯಿಯ ಕಡೆ ಹೋದರು. ಒಬ್ಬ ತಾಯಿ ಫಲಕವನ್ನು ಪೂರ್ತಿ ಓದಿ, ಮಗಳಿಗೂ ಓದಿಸಿ, ಚುಚ್ಚಲೂ ಇಲ್ಲ, ಕೊಳ್ಳಲೂ ಇಲ್ಲ. ಬಿಸಿಲು ನೆತ್ತಿಗೆ ಬಂತು. ನನ್ನ ಸೇವಾವಧಿಯಲ್ಲಿ ಸರಕನ್ನು ಇಷ್ಟು ಪರಿಪೂರ್ಣವಾಗಿ ಸಂರಕ್ಷಿಸಿದ್ದು ಅದೇ ಮೊದಲು. ಲಗಮವ್ವ ಫಲಕವನ್ನು ತೆಗೆದು ಮಗುಚಿಟ್ಟು ಮೆಲ್ಲಗೆ ಹೇಳಿದಳು: “ನೀವಿನ್ನ ಮನಿಗಿ ಹೋಗ್ರಿ ಸರ್ರ. ಕಾಯಿ ಉಳದಾವ್ರಿ ಖರೆ. ಎಲ್ಲಾನೂ ಉಳದಾವ.”

ಅವಮಾನವಾದಾಗ ಸಿಟ್ಟು ಇಮ್ಮಡಿಸುವುದು ನನ್ನ ಜಾಯಮಾನ. ಈ ಜನರಲ್ಲಿ ಅತ್ಯಂತ ಕೇಡಿಗ ಯಾರು, ಅವನ ಹೆಸರು ಹೇಳು, ನಾನು ನೋಡಿಕೊಳ್ಳುತ್ತೇನೆ ಎಂದು ಗರ್ಜಿಸಿದೆ. ಅವಳು ಬುಟ್ಟಿಗೆ ಹಸಿ ಗೋಣಿ ಹೊದಿಸಿ, ನಾಳೆ ತೋಟಕ್ಕೆ ಬರಬೇಕೆಂದಳು.

ಹೋದೆ. ಬಳ್ಳಿ ಹಳದಿಗೆ ತಿರುಗಿ ಒಣಗತೊಡಗಿತ್ತು. ಅವಳು ಚಪ್ಪರದ ನಡುವಿಗೆ ಕರೆದೊಯ್ದಳು. ಕರಿ ಉಣ್ಣೆಯ ಎಳೆ ಹಾಗೆಯೇ ಇತ್ತು; ಅದರ ಕೆಳಗಿನ ಕಾಯಿ ಒಂದು ಮಗ್ಗುಲಿಗೆ ಕಪ್ಪಾಗಿ ಕುಸಿದಿತ್ತು. ಕುಸಿದ ಜಾಗದ ಅಂಚಿನಲ್ಲಿ ಎರಡು ಸಣ್ಣ ಬಾಗಿದ ಗೆರೆಗಳು, ನಡುವೆ ಒಂದಿಷ್ಟು ತೆರವು. ಕಾಯಿ ಬೆಳೆದಂತೆ ಗುರುತೂ ಬೆಳೆದು, ಕನ್ನಡಕವಿಲ್ಲದೆಯೂ ಓದುವಷ್ಟು ದೊಡ್ಡದಾಗಿತ್ತು. ಸಂತೆಯಲ್ಲಿ ಎಲ್ಲರ ಉಗುರೂ ಒಂದೇ ಗೆರೆ ಬರೆಯುತ್ತದೆ. ಎರಡು ಗೆರೆ ಬರೆಯುವ ಹೆಬ್ಬೆರಳು ಈ ಸೀಮೆಯಲ್ಲಿ ನನಗೆ ಗೊತ್ತಿದ್ದ ಹಾಗೆ ಒಂದೇ.

“ನೀವು ಬಂದು ಹೋದ ಮರುದಿನಾನ ನೋಡೇನ್ರಿ,” ಎಂದಳು ಲಗಮವ್ವ. “ವಾರಾ ಸಂತ್ಯಾಗ ನೋಡೂ ಗುರ್ತ. ನೀವು ಮಾತಾಡ್ಕೋತ ಒಂದಕ್ಕ ಚುಚ್ಚತೀರಿ, ಬಾಜೂದ್ದು ಒಯ್ತೀರಿ. ಮಾಯ್ತೈತಿ ಅಂತ ಇದನ್ನ ಹಂಗ ಬಿಟ್ಟೆ, ಕೊಳತದ್ದು ಕಾಣೂದ್ರಾಗ ಬ್ಯಾರೆ ಕಾಯೆಲ್ಲ ಸಂತಿಗಿ ಹೋಗಿದ್ವು.”

ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಅವಳ ಮೇಲೆಯೇ ರೇಗಿದೆ. ನಾಚಿಕೆಗೇಡು, ಆದರೆ ರೇಗಿದೆ.

“ಕಲತಾವ್ರಿಗಿ ಏನಂತ ಹೇಳೂದ್ರಿ,” ಎಂದಳು.

ನಮ್ಮ ಪ್ರಯೋಗಾಲಯದಲ್ಲಿ ಕಾಯಿಯ ಮೆದುತನ ಅಳೆಯುವ ಒಂದು ಯಂತ್ರವಿತ್ತು. ಅದು ಕಾಯಿಗೆ ಕಬ್ಬಿಣದ ಕಡ್ಡಿ ಚುಚ್ಚಿ ಅಂಕಿ ಹೇಳುತ್ತಿತ್ತು. ಚುಚ್ಚಿದ್ದನ್ನು ನಾವು ಬುಟ್ಟಿಗೆ ಎಸೆದು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದೆವು. ಮೂವತ್ತು ವರ್ಷ ಹೀಗೆ ಪಳಗಿದ ಕೈ, ಯಜಮಾನ ಭಾಷಣದಲ್ಲಿ ಮೈಮರೆತಾಗ ತನ್ನ ಕೆಲಸ ತಾನು ಮಾಡುತ್ತ ಬಂದಿದೆ. ಇದು ವಿವರಣೆಯೇ ಹೊರತು ಕ್ಷಮೆಗೆ ಕಾರಣವಲ್ಲ. ಊರವರ ಮೇಲೆ ಕೂಡಿಟ್ಟ ಸಿಟ್ಟೆಲ್ಲ ಒಮ್ಮೆಗೇ ನನ್ನ ಮೇಲೆ ತಿರುಗಿಬಿದ್ದಾಗ ಹೊಳೆಯ ದಂಡೆಯಲ್ಲಿ ನಿಲ್ಲಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ. ಕಾಯಿಯನ್ನು ಅವಳು ಒಡೆದು ತೋರಿಸಿದಳು. ಬೀಜಗಳೆಲ್ಲ ಕಪ್ಪಿಟ್ಟು ಜೊಳ್ಳಾಗಿದ್ದವು.

ಆ ಬೀಜ ಇನ್ನೆಲ್ಲಾದರೂ ಇದೆಯೇ ಎಂದು ಕೇಳಿದೆ. ಕಣಗಲಾದಲ್ಲಿರುವ ತಂಗಿಗೆ ಹಿಂದೊಮ್ಮೆ ಒಂದು ಹಿಡಿ ಕೊಟ್ಟಿದ್ದಳಂತೆ. ಅವಳಲ್ಲಿ ಉಳಿದಿದೆಯೋ ಇಲ್ಲವೋ ಕೇಳಿಲ್ಲವಂತೆ. ಮರುದಿನ ಬೆಳಿಗ್ಗೆಯೇ ಹೊರಟೆ. ಹುಕ್ಕೇರಿಯಲ್ಲಿ ಒಂದು ಬಸ್ಸು, ಸಂಕೇಶ್ವರದಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಬಲಗೈಯನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ತಂಗಿಯ ಮನೆಯಲ್ಲಿ ಒಲೆಯ ಮೇಲಿನ ಜಂತಿಗೆ, ಹೊಗೆ ಹಿಡಿದು ಕಂದಾದ ಒಣ ಸೋರೆಕಾಯಿಯೊಂದು ಕರಿ ಉಣ್ಣೆಯ ದಾರದಲ್ಲಿ ತೂಗುತ್ತಿತ್ತು. ಅವಳು ಅದನ್ನು ಇಳಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಬೀಜಗಳು ಗಲಗಲ ಎಂದವು. ಬೀಜ ಹೇಗಿದೆಯೆಂದು ತಿಳಿಯಲು ಅವಳಿಗೆ ಅಷ್ಟೇ ಸಾಕು. ಚುಚ್ಚದೆಯೂ ಪರೀಕ್ಷಿಸಬಹುದೆಂಬುದು, ಶೈತ್ಯಾಗಾರವಿಲ್ಲದೆಯೂ ಬೀಜವನ್ನು ಅದರ ತಾಯಿಯ ಹೊಟ್ಟೆಯಲ್ಲೇ ಬೆಚ್ಚಗೆ ಕಾದಿಡಬಹುದೆಂಬುದು ನನ್ನ ಯಾವ ಪಾಠದಲ್ಲೂ ಇರಲಿಲ್ಲ. ನಾನು ಆತುರದಿಂದ ಎರಡೂ ಕೈ ಚಾಚಿದೆ. ಅವಳು ಕಾಯಿಯನ್ನು ಹಿಂದಕ್ಕೆಳೆದುಕೊಂಡಳು.

“ಸಿಟ್ಟಾಗಬ್ಯಾಡ್ರಿ. ಅಕ್ಕ ಫೋನ್ ಮಾಡಿದ್ಳು. ಮೊದಲ ಉಗುರು ನೋಡು, ಆಮ್ಯಾಲ ಕಾಯಿ ಕೊಡು ಅಂದಾಳ.”

ನನ್ನ ಹೆಬ್ಬೆರಳನ್ನು ನೋಡಿ ಒಳಗೆ ಹೋದವಳು ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯನ್ನು ತಂದು ನನ್ನ ಮುಂದಿಟ್ಟಳು. ಎಷ್ಟೋ ವಿದ್ಯಾರ್ಥಿಗಳನ್ನು ಪರೀಕ್ಷೆ ಮಾಡಿದ ನಾನು ಅವರ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪದಕವನ್ನು ಬುಡದವರೆಗೆ ಕತ್ತರಿಸಿಕೊಂಡೆ. ಅವಳು ಬೆರಳನ್ನು ತಿರುಗಿಸಿ ನೋಡಿ, ಕಾಯಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ಧುಪದಾಳದವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ, ಗಂಟನ್ನು ಬಿಚ್ಚಲಿಲ್ಲ.

ಈಗಲೂ ಸಂತೆಯಲ್ಲಿ ಯಾರಾದರೂ ಸೋರೆಕಾಯಿಗೆ ಉಗುರು ಚುಚ್ಚಿದರೆ ನನಗೆ ಸಿಟ್ಟು ಬರುತ್ತದೆ; ಬಾಯಿ ತೆರೆಯುವ ಮುನ್ನ ಬಲಗೈ ಎಲ್ಲಿದೆಯೆಂದು ನೋಡಿಕೊಳ್ಳುತ್ತೇನೆ, ಅಷ್ಟೇ. ಭಾನುವಾರ ಕಟ್ಟೆಯ ಮೇಲೆ ಕೂತಾಗ ಮೊದಲ ಸರದಿ ಹೆಬ್ಬೆರಳಿನದು. ಬುಡದವರೆಗೆ ಕತ್ತರಿಸುತ್ತೇನೆ, ಚುರ್ ಎನ್ನುತ್ತದೆ. ಧುಪದಾಳದ ತೋಟದಲ್ಲಿ ಆ ಬೀಜದ ಬಳ್ಳಿ ಚಪ್ಪರಕ್ಕೆ ಹತ್ತಿದೆಯಂತೆ, ಚೆಲುವಾದ ಒಂದು ಕಾಯಿಗೆ ಉಣ್ಣೆಯ ಎಳೆಯನ್ನೂ ಕಟ್ಟಿಯಾಗಿದೆಯಂತೆ. ನೋಡಲು ಬರ್ರಿ ಎಂದು ಲಗಮವ್ವ ಇನ್ನೂ ಕರೆದಿಲ್ಲ.