ಅಕ್ಕೋಳದ ಕೈ

ನನ್ನ ತವರು ಅಕ್ಕೋಳ. ನಡೆಯಲು ಕಲಿತ ಮೇಲೆ ನಾನು ಕಲಿತ ಎರಡನೆಯ ವಿದ್ಯೆ ತಂಬಾಕಿನ ಕುಡಿ ಮುರಿಯುವುದು. ಗಿಡ ಹೂವಿಗೆ ಬರುವ ಹೊತ್ತಿಗೆ ಅದರ ನೆತ್ತಿ ಚಿವುಟಿದರೆ ಎಲೆ ದಪ್ಪವಾಗುತ್ತದೆ. ಅದನ್ನು ನಾನು ಎರಡೂ ಕೈಯಲ್ಲಿ, ಹರಟೆ ಹೊಡೆಯುತ್ತ, ಗಿಡದ ಕಡೆ ನೋಡದೆ ಮಾಡುತ್ತಿದ್ದೆ. ಇಂಥ ವಿದ್ಯಾವಂತೆಯನ್ನು ಕೃಷ್ಣೆಯ ದಂಡೆಯ ಜುಗೂಳಕ್ಕೆ ಕೊಟ್ಟರು. ನಮ್ಮ ಮನೆಯ ಸುತ್ತ ಎಲ್ಲಿ ನೋಡಿದರೂ ಕಬ್ಬು.

ನಮ್ಮದಿದ್ದ ತುಂಡು ಕಬ್ಬಿನ ಹೊಲಕ್ಕೆ ಗಂಡ, ಅತ್ತೆ ಇಬ್ಬರೇ ಸಾಕು. ನನಗೆ ಉಳಿದದ್ದು ಎರಡು ಎಮ್ಮೆ. ದಿನಾ ಬೆಳಿಗ್ಗೆ ನಾನು ಸಗಣಿ ಬಳಿಯುವಾಗ ಒಂದು ಟಂಟಂ ಹಾದುಹೋಗುತ್ತಿತ್ತು. ಅದರ ತುಂಬ ಕಾಗವಾಡದ ದ್ರಾಕ್ಷಿ ತೋಟಕ್ಕೆ ಹೋಗುವ ಹೆಂಗಸರು. ಗಾಡಿ ಕಣ್ಣಿಗೆ ಬೀಳುವ ಮೊದಲೇ ಅವರ ನಗು ಕೇಳಿಸುತ್ತಿತ್ತು. ಪಗಾರ ಬೇಕಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ ಆ ನಗುವಿನ ನಡುವೆ ನನಗೊಂದು ಜಾಗ ಬೇಕಿತ್ತು. ಮದುವೆಯಾಗಿ ಎರಡು ವರ್ಷವಾದರೂ ಊರಲ್ಲಿ ನನಗೊಬ್ಬ ಗೆಳತಿ ಇರಲಿಲ್ಲ.

ಆ ಹೆಂಗಸರಿಗೆಲ್ಲ ಕೆಲಸ ಹಿಡಿದುಕೊಡುವ ಮುಕಾದಮ ಅಕ್ಕ ನಮ್ಮ ಓಣಿಯವಳೇ. ಹೋಗಿ ಕೇಳಿದೆ.

“ದ್ರಾಕ್ಷಿ ಕೆಲಸ ಬರತೈತೇನ?” ಅಂದಳು.

“ಅದರಾಗೇನೈತ್ರೀ ಅಕ್ಕಾ, ಅದೂ ಗಿಡಾನ ಅಲ್ಲೇನ್ರಿ?” ಅಂದೆ.

ಮರುದಿನ ಟಂಟಂ ಹತ್ತಿದೆ. ಹೊಸಬರಿಗೆ ಅಲ್ಲೊಂದು ರಿವಾಜು: ಹಿಂದಿನ ತುದಿಯಲ್ಲಿ ಕೂತು ಎಲ್ಲರ ಬುತ್ತಿಯನ್ನೂ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಬುತ್ತಿಗಂಟುಗಳು ನನ್ನ ಗದ್ದಕ್ಕೆ ಮುಟ್ಟುತ್ತಿದ್ದವು. ಹಿಗ್ಗಿನಲ್ಲಿ ಭಾರ ಗೊತ್ತಾಗಲಿಲ್ಲ.

ತೋಟದಲ್ಲಿ ಅಂದಿನ ಕೆಲಸ ಸರಳ. ಗೊಂಚಲು ಬಿಡದ ಚಿಗುರನ್ನು ಕಿತ್ತುಹಾಕಬೇಕು, ಗೊಂಚಲು ಬಿಟ್ಟದ್ದನ್ನು ಮುಟ್ಟಬಾರದು. ಹತ್ತು ಬಳ್ಳಿಯವರೆಗೆ ಕಣ್ಣಿಟ್ಟು ಮಾಡಿದೆ. ಆಮೇಲೆ ಪಕ್ಕದ ಸಾಲಿನವಳು ತನ್ನ ಅತ್ತೆಯ ಕಥೆ ತೆಗೆದಳು. ಅತ್ತೆಯ ಕಥೆ ನನ್ನ ಹತ್ತಿರವೂ ಇತ್ತಲ್ಲ! ಬಾಯಿಯ ಜೊತೆ ಕೈಯೂ ಓಡಿತು, ಅದೇ ಅಕ್ಕೋಳದ ಕೈ. ತಿರುಗಿ ನೋಡಿದರೆ ಅರ್ಧ ಸಾಲಿನಲ್ಲಿ ಗೊಂಚಲಿದ್ದ ಚಿಗುರುಗಳ ಕುಡಿಯೆಲ್ಲ ನೆಲದ ಮೇಲಿತ್ತು.

ತೋಟದ ಮಾಲಕರು ಬಂದು ತಲೆಯ ಮೇಲೆ ಕೈ ಹೊತ್ತರು. “ಅರೇ ದೇವಾ! ಯಾರವ್ವಾ ಇದನ್ನ ಮಾಡಿದಾಕಿ? ಎಲಿ ಬರೂದ ನಿಂತ್ರ ಗೊಂಚಲಕ್ಕ ಉಣಸಾವ್ರ್ಯಾರು?”

ನಾನು ಕೈ ಎತ್ತಿದೆ. ಮುಕಾದಮ ಅಕ್ಕ ಅಲ್ಲಿ ಬಯ್ಯಲಿಲ್ಲ. ಸಂಜೆ ಮಾತ್ರ, “ಸದ್ಯ ಮನ್ಯಾಗ ಇರು. ಬೇಕಾದ್ರ ನಾನ ಫೋನ್ ಮಾಡ್ತೇನಿ” ಅಂದಳು. ವಾಪಸು ಬರುವಾಗ ಎಲ್ಲರೂ ತಮ್ಮ ತಮ್ಮ ಖಾಲಿ ಬುತ್ತಿ ಡಬ್ಬಿಯನ್ನು ತಾವೇ ಹಿಡಿದುಕೊಂಡರು. ಬೈಗುಳಕ್ಕೆ ಬಾರದ ಅಳು ನನಗೆ ಆಗ ಬಂತು.

“ಹುಟ್ಟಗುಣ ಸುಟ್ರೂ ಹೋಗಂಗಿಲ್ಲ ನೋಡ” ಎಂದು ಮನೆಯಲ್ಲಿ ಸಂಗತಿ ಕೇಳಿದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಎಮ್ಮೆ ಹಿಂಡುತ್ತಿದ್ದೆ. ಒಂದು ದಿನ ಅದು ಬಡಿದುಕೊಂಡಿತು. ನೋಡದೆ ಎತ್ತಿ, “ಬಂದ್ನ್ರೀ ಅಕ್ಕಾ!” ಎಂದು ಕೂಗಿದೆ. ರಿಚಾರ್ಜ್ ಮುಗಿಯುತ್ತ ಬಂದಿದೆ ಎಂದು ಆ ಕಡೆಯ ಯಂತ್ರ ಹೇಳಿತು.

ತಿಂಗಳಾಗುವ ಹೊತ್ತಿಗೆ ನಿಜವಾದ ಫೋನ್ ಬಂತು.

“ತ್ವಾಟದ ಮಾಲಕರು ನಿನ್ನ ಕೇಳಾಕತ್ತಾರ” ಅಂದಳು ಮುಕಾದಮ ಅಕ್ಕ.

“ಇನ್ನೂ ಬೈಯೂದ ಉಳದೈತೇನ್ರಿ?”

“ಎಲಿ ಸಾಕಾಗ್ಯಾವಂತ. ಇನ್ನ ಕುಡಿ ಬೆಳದ್ರ ಗೊಂಚಲ ಸೊರಗತಾವು, ಎರಡ ದಿನದಾಗ ಎಲ್ಲಾ ಮುರೀಬೇಕಂತ. ಆವತ್ತ ಮುರದಾಕೀನ್ನ ಕರಕೊಂಬಾ, ಆ ಕೈ ನಾ ಮರತಿಲ್ಲ ಅಂದ್ರು.”

ಮರುದಿನ ಬುತ್ತಿಗಳ ರಾಶಿ ಹೊತ್ತುಕೊಂಡೇ ಹೋದೆ. ಮೊದಮೊದಲು ಹೆದರಿ, ತುಟಿ ಬಿಗಿದು, ಒಂದೊಂದೇ ಕುಡಿ ಎಣಿಸಿದಂತೆ ಮುರಿದೆ. ಮುಕಾದಮ ಅಕ್ಕ ಸ್ವಲ್ಪ ಹೊತ್ತು ನೋಡಿ, “ಮಾತಾಡಬೇ, ಮಾತಾಡು. ಬಾಯಿ ಮುಚ್ಚಿದ್ರ ನಿನ್ನ ಕೈ ನಡಿಯಂಗಿಲ್ಲ” ಅಂದಳು. ಅಷ್ಟು ಸಾಕಾಯಿತು. ಉಳಿದವರು ಒಂದು ಸಾಲು ಮುಗಿಸುವಷ್ಟರಲ್ಲಿ ನನ್ನದು ಎರಡಾಗಿ, ಮೂರನೆಯದು ಅರ್ಧಕ್ಕೆ ಬಂದಿತ್ತು. ಮಾಲಕರು ಹಿಂದಿನಿಂದ ಎರಡು ಸಲ ಪರೀಕ್ಷೆ ಮಾಡಿ, ಚಹಾ ತರಿಸಿದರು.

ಸಂಜೆ ಹಿಂದಿನ ತುದಿಗೆ ಹೋಗಿ ಕೂತು, ಡಬ್ಬಿಗಳಿಗಾಗಿ ಕೈ ಚಾಚಿದೆ. ಯಾರೂ ಕೊಡಲಿಲ್ಲ. ಆಗ ಆ ಪಕ್ಕದ ಸಾಲಿನವಳು ಡಬ್ಬಿಗಳನ್ನೆಲ್ಲ ಕಾಲಡಿ ತಳ್ಳಿ, ಒತ್ತರಿಸಿ, ನಡುವೆ ಜಾಗ ಮಾಡಿದಳು. “ಇಲ್ಲಿ ಬಾರಬೇ. ಅವತ್ತ ನಿಮ್ಮತ್ತಿ ಕಥಿ ಅರ್ಧಾ ಬಿಟ್ಟಿ” ಅಂದಳು.

ಕಾಗವಾಡದಿಂದ ಜುಗೂಳದವರೆಗೆ ಹೇಳಿದೆ. ಟಂಟಂ ಓಣಿಗೆ ತಿರುಗುವ ಮೊದಲೇ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ನಗು ಕೇಳಿಸಿತಂತೆ.