ಹಿಮದ ಗಾಡಿಯ ಬಿರುಕು

ದುಬೈಯಲ್ಲಿ ಹಿಮದ ಮೇಲೆ ಓಡಿಸುವ ಗಾಡಿ ರಿಪೇರಿ ಮಾಡಿದ್ದೇನೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಒಂದು ದೊಡ್ಡ ಕಟ್ಟಡದ ಒಳಗೆ ಯಂತ್ರದಿಂದ ಹಿಮ ಮಾಡಿ ಜನರನ್ನು ಜಾರಿಸುತ್ತಿದ್ದರು. ಅಲ್ಲಿಯ ಗಾಡಿಯೊಂದು ಗೋಡೆಗೆ ಗುದ್ದಿ, ಅಲ್ ಕೂಜ್ ಏರಿಯಾದ ನಮ್ಮ ಗ್ಯಾರೇಜಿಗೆ ಬಂತು. ಮುಂದಿನ ಫ್ರೇಮು ಬಗ್ಗಿತ್ತು.

"ಬಡಿದು ನೆಟ್ಟಗೆ ಮಾಡಿ, ವೆಲ್ಡ್ ಹಾಕಿ ಪೇಂಟ್ ಹೊಡೀರಿ. ನಾಳೆ ಕೊಡಬೇಕು" ಅಂದ ಮ್ಯಾನೇಜರ್. ಉಡುಪಿ ಕಡೆಯವ, ನನಗಿಂತ ಚಿಕ್ಕವ.

"ಆಗುವುದಿಲ್ಲ. ಅಲ್ಯೂಮಿನಿಯಂ ಬಿರುಕು ಬಿಟ್ಟಿದೆ, ವೆಲ್ಡ್ ತಡೆಯುವುದಿಲ್ಲ. ಆ ತುಂಡು ತೆಗೆದು ಹೊಸದೇ ಹಾಕಬೇಕು. ಮುರಿದರೆ ಓಡಿಸುವವನ ಕಾಲು ಹೋಗುತ್ತದೆ" ಅಂದೆ.

ಅವನು ದನಿ ತಗ್ಗಿಸಿದ. "ನೋಡಿ ಮಾರಾಯ್ರೆ, ಹೆಂಡತಿ ಹೋಗಿ ಎರಡು ತಿಂಗಳೂ ಆಗಲಿಲ್ಲ. ನಿಮಗೀಗ ಎಲ್ಲದರಲ್ಲೂ ಸಾವೇ ಕಾಣುವುದು."

ಮೈ ಉರಿಯಿತು. ನನ್ನ ಹೆಂಡತಿಯನ್ನು ಗ್ಯಾರೇಜಿನ ಮಾತಿಗೆ ಎಳೆಯಲು ಇವನು ಯಾರು? ಬಗ್ಗಿದ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದೆ. ಸ್ವಲ್ಪ ಹೊತ್ತಿಗೆ ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೇಲೆ ಬಂತು. ಬಿಳಿಯ ಮೇಲೆ ಗೇಣುದ್ದದ ಒದ್ದೆ ಗೆರೆ.

"ಬಿರುಕು ಈ ಸುಣ್ಣಕ್ಕೂ ಕಂಡಿತು. ಇದರ ಮನೆಯಲ್ಲಿ ಯಾರು ಸತ್ತಿದ್ದಾರೆ?" ಅಂತ ಕೇಳಿದೆ.

ಅವನು ನನ್ನ ಮುಖ ನೋಡದೆ ಹೊಸ ತುಂಡಿಗೆ ಫೋನ್ ಮಾಡಿದ. ಅದು ಬಂದ ಮೇಲೆ ಹಳೆಯ ರಿವೆಟ್‌ಗಳನ್ನೆಲ್ಲ ಕೊರೆದು ತೆಗೆದು, ಹೊಸದನ್ನು ಕೂರಿಸಿದೆ. ಗಾಡಿ ಒಯ್ಯಲು ಬಂದವರಿಗೆ ಮ್ಯಾನೇಜರ್ ಹೇಳುತ್ತಿದ್ದ: "ವೆಲ್ಡ್ ಹಾಕಿ ಸಾಗಹಾಕುವ ಕೆಲಸ ನಮ್ಮಲ್ಲಿ ಇಲ್ಲವೇ ಇಲ್ಲ."

ನಾನು ಸುಮ್ಮನಿದ್ದೆ. ದುಃಖದಲ್ಲಿರುವವರು ಹೆಚ್ಚು ಮಾತಾಡಬಾರದಂತೆ.